ಮಗಳಿಗೊಂದು ಪತ್ರ: ಅಂಗೈ ಅಡ್ಡ ಹಿಡಿದು ನಕ್ಕವಳಿಗೆ

ಕೂಸೇ,

ಭಾನುವಾರದ ಜಗಳವನ್ನು ಮತ್ತೆ ಬರೆಯುವುದಿಲ್ಲ. ನೀನು ಕಾರವಾರದ ಬಸ್ಸು ಹತ್ತಿದ ಮೇಲೆ ಮೂರು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ವಾಟ್ಸ್ಯಾಪಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ ನಿನ್ನ ಉತ್ತರ ಬಂದಿರುತ್ತದೆ. ಅದಕ್ಕೇ ಈ ಕಾಗದ.

ವೇದಿಕೆ ಮೇಲೆ ತೊದಲಿದ ನಿನ್ನ ಕಾಲೇಜಿನ ಆ ಹುಡುಗಿಯ ವಿಡಿಯೋಗೆ ಹಂಗಿಸುವ ಆ ಸಾಲು ಬರೆದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ನೀನಾಗಿಯೇ ಎದ್ದು "ನಾನೇ" ಅಂತ ಹೇಳಿದೆಯಂತೆ. ಕೇಳಿ ಹೆಮ್ಮೆಯಾಯಿತು. ಆಮೇಲೆ ಆ ಸಾಲು ಓದಿದೆ. ಹೊಟ್ಟೆಯಲ್ಲಿ ಸಂಕಟವಾಯಿತು.

ನನಗೆ ಪದೇ ಪದೇ ನೆನಪಾಗುವುದು ನಿನ್ನ ಎಂಟನೇ ಕ್ಲಾಸಿನ ಒಂದು ಸಂಜೆ. ಕೊಯ್ಲಿನ ಸಮಯ. ನಾನು ಮೆಟ್ಟುಗತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದೆ. ನೀನು ನನ್ನದೇ ಫೋನ್ ತಂದು ಮುಂದೆ ಹಿಡಿದೆ. ಹಲ್ಲಿಗೆ ತಂತಿ ಹಾಕಿದ್ದ ನಿನ್ನ ಫೋಟೋವನ್ನು ಯಾರೋ ಸ್ಟಿಕರ್ ಮಾಡಿದ್ದರು. ಕ್ಲಾಸಿನ ಗುಂಪಿನ ತುಂಬ ಅದೇ. ನಾನು ಕೈ ನಿಲ್ಲಿಸಲಿಲ್ಲ. "ಸುಮ್ನೆ ನಕ್ಕುಬಿಡು, ತಾನಾಗೇ ನಿಲ್ತದೆ" ಅಂದೆ. ನೀನು ನಕ್ಕೆ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕೆ.

ತಂತಿ ತೆಗೆಸಿದ ಮೇಲೂ ಆ ಕೈ ಇಳಿಯಲಿಲ್ಲ. ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲಿನ ಹತ್ತಿರ ತೆಗೆದ ಫೋಟೋದಲ್ಲೂ ಇದೆ, ಅತ್ತೆ ಮನೆ ಮದುವೆಯ ಫೋಟೋದಲ್ಲೂ ಇದೆ. ನಿನ್ನೆ ಎಲ್ಲವನ್ನೂ ತೆಗೆದು ಆ ಕೈಯನ್ನೇ ನೋಡುತ್ತ ಕೂತಿದ್ದೆ. ಆವತ್ತು ಅಡಿಕೆ ಬಿಟ್ಟು ಎದ್ದಿದ್ದರೆ, ಹತ್ತಿರ ಕೂರಿಸಿಕೊಂಡಿದ್ದರೆ? ನಗುವವರ ಗುಂಪು ಸೇರಿಕೊಂಡರೆ ತನ್ನನ್ನು ಯಾರೂ ನಗುವುದಿಲ್ಲ ಅಂತ ನೀನು ಆವತ್ತೇ ಕಲಿತೆಯೇನೋ. ಅದೇ ನನ್ನ ಭಯ. ಹಂಗಿಸಿಕೊಂಡ ಮಕ್ಕಳಲ್ಲಿ ಕೆಲವರು ಮುಂದೆ ತಾವೇ ಹಂಗಿಸುತ್ತಾರಂತೆ. ಎಲ್ಲರೂ ಅಲ್ಲ. ಇದನ್ನು ನೀನು ನೆಪ ಮಾಡಿಕೊಳ್ಳಬಾರದು. ಆದರೆ ನನ್ನ ತಪ್ಪು ನನ್ನದೇ. ಕ್ಷಮಿಸು, ಕೂಸೇ.

ಸೋಮವಾರ ಸಿಗ್ನಲ್ ಸಿಗುವ ಗುಡ್ಡದ ಹತ್ತಿರ ನಿಂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಮನಸ್ಸಿನ ಸಂಕಟ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು. ದುಡ್ಡು ಇಲ್ಲ, ಹಗಲೂ ರಾತ್ರಿ ಇರುತ್ತಾರೆ. ನಿನಗೂ ಬೇಕೆನಿಸಿದರೆ ಮಾಡು. ಆಮೇಲೆ ಎರಡು ರಾತ್ರಿ ಇದರ ಬಗ್ಗೆಯೇ ಓದಿದೆ.

ಭಾನುವಾರ ನೀನು ಮೂರು ಮಾತು ಹೇಳಿದ್ದೆ. "ತಮಾಷೆಗೆ ಮಾಡಿದ್ದು." "ಎಲ್ಲರೂ ಮಾಡಿದ್ರು." "ಅವಳೂ ಸ್ವಲ್ಪ ಜಾಸ್ತಿ ಆಡ್ತಾಳೆ." ಮನಸ್ಸಾಕ್ಷಿಯ ಬಾಯಿ ಮುಚ್ಚಿಸಲು ಮನುಷ್ಯ ಏನೇನು ಮಾಡುತ್ತಾನೆ ಅಂತ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಬರೆದಿದ್ದಾರೆ. ನಿನ್ನ ಮೂರೂ ಮಾತು ಅದರಲ್ಲಿವೆ. ಕೆಟ್ಟದ್ದಕ್ಕೆ ಹಗುರಾದ ಹೆಸರಿಡುವುದು, ತಪ್ಪನ್ನು ಗುಂಪಿಗೆಲ್ಲ ಹಂಚುವುದು, ನೊಂದವರ ತಲೆಗೇ ಕಟ್ಟುವುದು. ಓದುತ್ತ ಬೆಚ್ಚಿದೆ. ನನ್ನ "ಸುಮ್ನೆ ನಕ್ಕುಬಿಡು" ಕೂಡ ಅದೇ ಜಾತಿಯದ್ದಲ್ವಾ?

ಪರದೆಯ ಹಿಂದೆ ನಮ್ಮ ಹೆಸರು ಕಾಣುವುದಿಲ್ಲ, ಎದುರಿನವರ ಮುಖವೂ ಕಾಣುವುದಿಲ್ಲ, ಅದಕ್ಕೇ ಅಲ್ಲಿ ಅಳುಕು ಹೊರಟುಹೋಗುತ್ತದೆ ಅಂತ ಜಾನ್ ಸುಲರ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರು 2004ರಲ್ಲೇ ಬರೆದಿದ್ದರು. ಅವಳ ಎದುರು ನಿಂತು ಆ ಸಾಲು ಹೇಳುತ್ತಿದ್ದೆಯಾ? ಅವಳ ತುಟಿ ನಡುಗುವುದು ಕಂಡಿದ್ದರೆ ನಿನ್ನ ಮಾತು ಅಲ್ಲೇ ನಿಲ್ಲುತ್ತಿತ್ತು. ನಿನ್ನನ್ನು ಹೆತ್ತವಳು, ನನಗೆ ಗೊತ್ತು.

ನೀನು ಆ ಸಾಲು ಹಾಕಿದ ಗುಂಪಿನಲ್ಲಿ 140 ಜನ ಇದ್ದರಂತೆ. ಒಬ್ಬರೂ ಬೇಡ ಅನ್ನಲಿಲ್ಲ. 1968ರಲ್ಲಿ ಡಾರ್ಲಿ, ಲಟಾನೆ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ದರು. ಬೇರೆ ಕೋಣೆಯಲ್ಲಿ ಯಾರಿಗೋ ಫಿಟ್ಸ್ ಬಂದಂತೆ ದನಿ ಕೇಳಿಸುತ್ತದೆ. ಕೇಳಿಸಿಕೊಂಡದ್ದು ತಾನೊಬ್ಬನೇ ಅಂದುಕೊಂಡವರಲ್ಲಿ ನೂರಕ್ಕೆ 85 ಮಂದಿ, ಆ ದನಿ ನಿಲ್ಲುವ ಮುಂಚೆಯೇ ಎದ್ದು ಹೋಗಿ ತಿಳಿಸಿದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದದ್ದು 31 ಮಂದಿ. ನಾಲ್ವರಿಗೇ ಹೀಗಾದರೆ 140 ಜನ ಇದ್ದಲ್ಲಿ ಯಾರು ಏಳುತ್ತಾರೆ? ನೀನು ಏಳಬೇಕಿತ್ತು. ಸ್ಟಿಕರ್ ಆದವಳು ನೀನು.

ಪಾಠ ಹೇಳಬಾರದು ಅಂತಲೇ ಬರೆಯಲು ಕೂತಿದ್ದೆ. ಆಗಲಿಲ್ಲ.

ಆ ಹುಡುಗಿ ಅಂಕೋಲಾದ ತನ್ನ ಮನೆಗೆ ಹೋಗಿ ಒಂಬತ್ತು ದಿನವಾಯಿತು. ಸರಿಯಾಗಿ ಊಟ ಮಾಡುತ್ತಿಲ್ಲವಂತೆ. ನಿನ್ನೆ ಅವಳ ಅಮ್ಮನ ಹತ್ತಿರ ಮಾತಾಡಿದೆ. ನಾವು ಬರಬಹುದಾ ಅಂತ ಕೇಳಿದೆ. "ಮಗಳನ್ನ ಕೇಳಿ ಹೇಳ್ತೇನೆ" ಅಂದರು. ಅವಳು ಬೇಡ ಅಂದರೆ ಹೋಗುವುದು ಬೇಡ. ನಮ್ಮ ಮನಸ್ಸು ಹಗುರಾಗಲಿ ಅಂತ ಅವಳ ಬಾಗಿಲು ಬಡಿಯಬಾರದು. ಹೂಂ ಅಂದರೆ ಶನಿವಾರ ಬೆಳಿಗ್ಗೆ ಕುಮಟಾ ಮೇಲೆ ಬರುತ್ತೇನೆ, ನೀನು ಅಂಕೋಲಾ ಬಸ್ ಸ್ಟ್ಯಾಂಡಿನಲ್ಲಿರು. ಅಷ್ಟರೊಳಗೆ ಆ ವಿಡಿಯೋ ಯಾರ್ಯಾರಿಗೆ ಕಳಿಸಿದ್ದೆಯೋ ಅವರಿಗೆಲ್ಲ ಹೇಳಿ ಅಳಿಸಿಸು. ಮೆಸೇಜ್ ಬೇಡ. ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳು.

ನೀನು ಬಿಟ್ಟುಹೋದ ಮಿಡಿ ಉಪ್ಪಿನಕಾಯಿ ಜಗಲಿ ಮೇಲೇ ಇದೆ, ತರುತ್ತೇನೆ. ಇವತ್ತು ಫೋನ್ ತೆಗಿ. ಬೈಯುವುದಿಲ್ಲ.

ಆಯಿ