ಸೈಬರ್ ಜಾಗೃತಿ ಸಂತೆಗೂ ಬರಲಿ

ಮಾನ್ಯರೇ,

ಅಕ್ಟೋಬರ್ ಬಂತೆಂದರೆ ಸೈಬರ್ ಸುರಕ್ಷತಾ ಜಾಗೃತಿ ಮಾಸದ ಹೆಸರಿನಲ್ಲಿ ಕಾಲೇಜುಗಳಲ್ಲಿ ಉಪನ್ಯಾಸ, ಪ್ರತಿಜ್ಞೆ, ಜಾಥಾಗಳು ನಡೆಯುತ್ತವೆ. ಅವು ಬೇಡವೆನ್ನುತ್ತಿಲ್ಲ. ಆದರೆ ದಿನವಿಡೀ ಮೊಬೈಲಿನಲ್ಲೇ ಇರುವ ಮಕ್ಕಳಿಗೆ ಒಟಿಪಿ ಹೇಳಬೇಡಿ ಎಂದು ಬೋಧಿಸುವಷ್ಟೇ ಶ್ರದ್ಧೆಯನ್ನು, ಆ ಮಕ್ಕಳು ಬೆಂಗಳೂರು ಸೇರಿದ ಮೇಲೆ ತೋಟದ ಮನೆಗಳಲ್ಲಿ ಇಬ್ಬರೇ ಉಳಿದ ಹಿರಿಯರ ವಿಷಯದಲ್ಲಿ ಯಾರೂ ತೋರಿಸುತ್ತಿಲ್ಲ.

ಸೇನೆಯಿಂದ ನಿವೃತ್ತರಾದ ನನ್ನ ಅಣ್ಣ ನಾಪೋಕ್ಲು ಸಮೀಪ ಮೂರು ಕೋಣೆಗಳ ಹೋಂಸ್ಟೇ ನಡೆಸುತ್ತಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ‘ಮೇಜರ್’ ಒಬ್ಬನ ಕರೆ ಬಂತು. ವಾಟ್ಸ್‌ಆ್ಯಪ್‌ನಲ್ಲಿ ಸಮವಸ್ತ್ರದ ಫೋಟೊ, ಕ್ಯಾಂಟೀನ್ ಕಾರ್ಡು. ಮಾತಿನಲ್ಲಿ ಅಣ್ಣನಿಗೆ ಚೆನ್ನಾಗಿ ಪರಿಚಯವಿದ್ದ ಪಲ್ಟನ್ನಿನ ಹಿಂದಿ. ಮೂರೂ ಕೋಣೆ ನಾಲ್ಕು ದಿನಕ್ಕೆ ಬೇಕು, ಮುಂಗಡ ಸೇನೆಯ ಖಾತೆಯಿಂದಲೇ ಬರುತ್ತದೆ, ಅದಕ್ಕಾಗಿ ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. ‘ಜೀ ಸರ್’ ಎನ್ನುತ್ತಲೇ ಅಣ್ಣ ಒತ್ತಿದರು. ಬರಬೇಕಿದ್ದ 18,000 ರೂಪಾಯಿ ಅವರ ಖಾತೆಯಿಂದಲೇ ಹೋಯಿತು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ ಎಂಬ ಒಂದು ಸಾಲನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಕೊಡಗಿನಲ್ಲಿ ಸಮವಸ್ತ್ರದ ಮೇಲಿರುವ ಗೌರವವೇ ವಂಚಕರಿಗೆ ಬಂಡವಾಳವಾಗುತ್ತದೆ ಎಂಬುದು ದೆಹಲಿಯಲ್ಲಿ ಸಿದ್ಧವಾದ ಪೋಸ್ಟರಿಗೆ ಹೇಗೆ ತಿಳಿಯಬೇಕು?

ಮೋಸ ಹೋದದ್ದಕ್ಕಿಂತ ಆಮೇಲಿನ ನಾಲ್ಕು ದಿನಗಳೇ ನನ್ನನ್ನು ಹೆಚ್ಚು ಕಾಡುತ್ತವೆ. ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟಿರಲಿಲ್ಲ, ಅದರ ಬೆನ್ನಿಗೇ ನೆಟ್‌ವರ್ಕೂ ಹೋಯಿತು. ಕಾಫಿ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತರೆ ಒಮ್ಮೊಮ್ಮೆ ಒಂದು ಕಡ್ಡಿ ಸಿಗ್ನಲ್. ಅದೂ ಅಲ್ಲದೆ, ಮರ್ಯಾದೆಗಂಜಿ ಅವರು ಅತ್ತಿಗೆಗೂ ವಿಷಯ ತಿಳಿಸಿರಲಿಲ್ಲ. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗಬೇಗನೆ ದಾಟಿಸುತ್ತಾರೆ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ದೂರು ಸಂಬಂಧಪಟ್ಟ ಬ್ಯಾಂಕುಗಳಿಗೆ ತಲುಪಿ, ದಾಟದೆ ಉಳಿದ ಹಣವನ್ನಾದರೂ ತಡೆಹಿಡಿಯಲು ಸಾಧ್ಯ. ಐದನೆಯ ದಿನ ದೂರು ಕೊಟ್ಟಾಗ ತಡೆಹಿಡಿಯಲು ಏನೂ ಉಳಿದಿರಲಿಲ್ಲ. ಈ ಸಹಾಯವಾಣಿ 2021ರಿಂದಲೇ ಇದೆ. ಅಣ್ಣ ಅದರ ಹೆಸರು ಕೇಳಿದ್ದು ಆ ದಿನ.

ಆದ್ದರಿಂದ ಜಾಗೃತಿ ಸಭೆಗಳು ಮಡಿಕೇರಿಯ ಶುಕ್ರವಾರದ ಸಂತೆಗೂ ಗೋಣಿಕೊಪ್ಪದ ಭಾನುವಾರದ ಸಂತೆಗೂ ಬರಬೇಕು. ರಸಗೊಬ್ಬರಕ್ಕೂ ಸಾಲ ನವೀಕರಣಕ್ಕೂ ಎಲ್ಲರೂ ಹೋಗಲೇಬೇಕಾದ ಸಹಕಾರ ಸಂಘಗಳ ಗೋಡೆಯ ಮೇಲೆ 1930 ಎಂಬ ಅಂಕಿ ದೂರದಿಂದಲೇ ಕಾಣುವಷ್ಟು ದೊಡ್ಡದಾಗಿರಬೇಕು. ಮಡಿಕೇರಿ ಆಕಾಶವಾಣಿಯಲ್ಲಿ ಕೊಡವ ತಕ್ಕ್‌ನಲ್ಲೂ ಅರೆಭಾಷೆಯಲ್ಲೂ ಇದೇ ವಿಷಯ ಹೇಳಿದರೆ ಕರೆಂಟಿಲ್ಲದ ಮನೆಯ ಬ್ಯಾಟರಿ ರೇಡಿಯೊಗೂ ಅದು ಮುಟ್ಟುತ್ತದೆ. ಕಾಫಿ ತೋಟಗಳ ಲೈನ್‌ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರೂ ಊರಿಗೆ ಹಣ ಕಳುಹಿಸುವುದು ಮೊಬೈಲಿನಲ್ಲೇ, ಅವರಿಗೆ ಅವರ ಭಾಷೆಯಲ್ಲೇ ತಿಳಿಸಬೇಕಾಗುತ್ತದೆ.

ಪೊಲೀಸರೆಂದು ಹೇಳಿಕೊಂಡು ವಿಡಿಯೊ ಕರೆಯಲ್ಲೇ ‘ಬಂಧಿಸಿದ್ದೇವೆ’ ಎಂದು ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ‘ಮನ್ ಕೀ ಬಾತ್’ನಲ್ಲಿ ಹೇಳಿದರು. ಆದರೂ ಹೆದರಿದ ಮುದುಕರೊಬ್ಬರು ಠೇವಣಿ ಮುರಿಯಲು ಬಂದರೆ, ‘ಯಾರಾದರೂ ಫೋನ್ ಮಾಡಿದ್ದರೇ?’ ಎಂದು ಕೇಳಬಲ್ಲವರು ಕೌಂಟರಿನಲ್ಲಿರುವ ಸಿಬ್ಬಂದಿಯೇ. ತರಬೇತಿ ಮೊದಲು ಅವರಿಗೆ ಸಿಗಲಿ.

ಇಂತಹ ಸಭೆಯನ್ನು ಜಿಲ್ಲಾ ಪೊಲೀಸರು ನಾಪೋಕ್ಲುವಿನಲ್ಲಿ ಏರ್ಪಡಿಸಿದರೆ ಬಂದು ಮಾತನಾಡುವುದಾಗಿ ಅಣ್ಣ ಹೇಳಿದ್ದಾರೆ. ಈ ಪತ್ರ ಬರೆಯಲು ಒಪ್ಪಿಗೆ ಕೊಟ್ಟವರೂ ಅವರೇ.

– ಓದುಗ, ನಾಪೋಕ್ಲು, ಕೊಡಗು