ಏಳು ಕೆಜಿ ಇಳಿದದ್ದರಲ್ಲಿ ಇವರೆಲ್ಲರ ಪಾಲಿದೆ

ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಟೆಸ್ಟ್ ರಿಪೋರ್ಟ್ ಬಂತು. 7.9 ಇದ್ದದ್ದು 6.4ಕ್ಕೆ ಇಳಿದಿದೆ. ತೂಕ 94ರಿಂದ 87 ಕೆಜಿ. ನೋಡೋದಕ್ಕೆ ಇನ್ನೂ ದಪ್ಪಗೇ ಇದ್ದೇನೆ, ಅದರಲ್ಲಿ ಅನುಮಾನ ಬೇಡ. ಆದರೂ ಕೆಲವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಲೇಬೇಕು.

ಮೊದಲು ಡಯಟಿಷಿಯನ್ ಮೇಡಂಗೆ. ಮೊದಲ ವಾರವೇ ಎರಡೂವರೆ ಕೆಜಿ ಇಳಿದಾಗ ನಾನು ಪೇಢೆ ಹಂಚುವ ಉಮೇದಿನಲ್ಲಿದ್ದೆ. 'ಅದರಲ್ಲಿ ನೀರೇ ಜಾಸ್ತಿ ಸರ್' ಅಂದರು. ಮೈಯಲ್ಲಿ ಕೂಡಿಟ್ಟ ಸಕ್ಕರೆಗೆ ಗ್ಲೈಕೋಜನ್ ಅಂತಾರೆ, ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ. ಊಟ ಕಡಿಮೆಯಾದರೆ ಮೊದಲು ಖಾಲಿಯಾಗೋದು ಅದೇ. ಮುಂದೆ ತೂಕ ನಿಂತುಬಿಡುತ್ತದೆ ಅಂತಲೂ ಆವತ್ತೇ ಹೇಳಿದ್ದರು. ಮೈ ಇಳಿದಂತೆ ಅದು ಸುಡುವ ಕ್ಯಾಲರಿಯೂ ಇಳಿಯುತ್ತದೆ, ಮೇಲಾಗಿ ಹಸಿವು ಏರುತ್ತದೆ. ಹಾಗೇ ಆಯಿತು. ಬೇಸಿಗೆಯಲ್ಲಿ ಕಾಟಾ ಅಲುಗಲಿಲ್ಲ. ಮೊದಲೇ ಗೊತ್ತಿತ್ತಲ್ಲ, ಅದಕ್ಕೇ ಕೈಬಿಡಲಿಲ್ಲ. 'ಬಾಯಿ ಕಟ್ಟು, ಇಳಿಯುತ್ತೆ' ಅಂತ ಬುದ್ಧಿ ಹೇಳುವವರಿಗೆ ಈ ಹಸಿವಿನ ಲೆಕ್ಕ ಯಾರು ಹೇಳಬೇಕು?

ಆ ದಿನಗಳಲ್ಲೇ ನಮ್ಮ ಟೇಲರ್ ಕಾಕಾ ಪ್ಯಾಂಟಿನ ಸೊಂಟ ಹಿಡಿದು ನೋಡಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, 'ಎರಡು ಇಂಚು ಒಳಗ ತಗೋಬೇಕ್ರಿ' ಅಂದರು. ತೂಕ ಹಾಗೇ ಇದೆ, ಸೊಂಟ ಕರಗಿದೆ! ದಿನಾ ನಡೆದರೆ ಹೀಗೂ ಆಗುತ್ತದಂತೆ. ಶುಗರ್ ಏರಿಸೋದರಲ್ಲಿ ಈ ಹೊಟ್ಟೆಯೊಳಗಿನ ಕೊಬ್ಬಿನದೇ ಕಾಟ ಜಾಸ್ತಿ. ನಮ್ಮ ದೇಶದ ಗಂಡಸರಿಗೆ ಸೊಂಟದ ಗಡಿ 90 ಸೆಂ.ಮೀ. ನಾನಿನ್ನೂ ಗಡಿಯಾಚೆಯೇ ಇದ್ದೇನೆ, ಇರಲಿ.

ಅಪ್ಪನ ಕೆರೆಯ ವಾಕಿಂಗ್ ಗೆಳೆಯರಿಗೆ ಏನು ಹೇಳಲಿ? ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟಿದ್ದು. ಹೊತ್ತು ಹುಟ್ಟುವ ಮೊದಲೇ ಫೋನ್ ಮಾಡಿ ಎಬ್ಬಿಸಿದಿರಿ. ಮೊಣಕಾಲು ನೋವಿದ್ದಾಗ ನನ್ನ ಜೊತೆ ನಿಧಾನ ನಡೆದಿರಿ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕೆಜಿ ತಗ್ಗುತ್ತದೆ. ಈಗ ಮನೆ ಮೆಟ್ಟಿಲಿಗೆ ಕಂಬಿ ಹಿಡಿಯೋದಿಲ್ಲ.

ಮನೆಯವಳು ನನ್ನ ರೊಟ್ಟಿ ಎರಡಕ್ಕಿಳಿಸಿ ಪುಂಡಿಪಲ್ಯ, ಹೆಸರುಕಾಳು ಹೆಚ್ಚಿಸಿದಳು. ತಾನೂ ಅದನ್ನೇ ಉಂಡಳು. ಶೇಂಗಾ ಹಿಂಡಿ ಮಾತ್ರ ಬಿಡಿಸಲಿಲ್ಲ, ಪುಣ್ಯ.

ಕೊನೆಗೆ ಡಾಕ್ಟರ್ ಸಾಹೇಬರು. ಇದ್ದ ತೂಕದಲ್ಲಿ ಐದರಿಂದ ಹತ್ತು ಪರ್ಸೆಂಟ್ ಇಳಿದರೂ ಬಿಪಿ, ಶುಗರ್ ಎರಡೂ ಸುಧಾರಿಸುತ್ತವೆ ಅಂತ ಧೈರ್ಯ ಕೊಟ್ಟವರು ಇವರೇ. ಈಗ ಬಿಪಿ ಮಾತ್ರೆ ಅರ್ಧ ಮಾಡಿದ್ದಾರೆ. ಶುಗರ್ ಮಾತ್ರೆ ಹಾಗೇ ಇದೆ. ಹುರುಪಿನಲ್ಲಿ ನೀವೇ ಬಿಟ್ಟೀರಿ ಜೋಕೆ ಅಂದಿದ್ದಾರೆ. ಬಿಟ್ಟಿಲ್ಲ ಸರ್.