ತೊರೆಯ ದಂಡೆಯ ಹುಲ್ಲು ಉಳಿಯಲಿ

ಮಾನ್ಯರೇ,

ಅಮೆರಿಕದ ನ್ಯೂ ಮೆಕ್ಸಿಕೊ, ಅರಿಜೋನಾ, ಕೊಲರಾಡೊ ರಾಜ್ಯಗಳ ತೊರೆಗಳ ಬದಿಯ ಎತ್ತರದ ಹುಲ್ಲಿನಲ್ಲಿ ಪುಟ್ಟ ನೆಗೆಯುವ ಇಲಿಯೊಂದು ಬದುಕುತ್ತಿದೆ. ಅದರ ಬಾಲ ಮೈಗಿಂತ ಉದ್ದ. ವರ್ಷದಲ್ಲಿ ಎಂಟೊಂಬತ್ತು ತಿಂಗಳು ಬಿಲದಲ್ಲಿ ನಿದ್ದೆ. ಉಳಿದ ಮೂರು ನಾಲ್ಕು ತಿಂಗಳಲ್ಲೇ ಮರಿ ಹಾಕಬೇಕು, ಹುಲ್ಲಿನ ಬೀಜ ತಿಂದು ಮುಂದಿನ ನಿದ್ದೆಗೆ ಕೊಬ್ಬು ಕೂಡಿಸಿಕೊಳ್ಳಬೇಕು. ಅಷ್ಟರಲ್ಲಿ ದನಗಳು ದಂಡೆಯನ್ನು ಬೋಳಾಗಿಸಿದರೆ ಆ ಪಾಪದ ಜೀವಿ ಎಲ್ಲಿಗೆ ಹೋಗಬೇಕು? 2014ರಲ್ಲಿ ಅದನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಲಾಯಿತು. ತೊರೆಗೆ ಬೇಲಿ ಹಾಕಿದಾಗ ದನಗಾಹಿಗಳು ಸಿಟ್ಟಾದರು. ಅವರ ಕಷ್ಟವೂ ಸುಳ್ಳಲ್ಲ, ಬರದ ನಾಡಿನಲ್ಲಿ ದನಕ್ಕೂ ನೀರು ಬೇಕು. ಹಾಗಿದ್ದರೆ ಸರ್ಕಾರವೇ ಬೇಲಿಯಾಚೆ ನೀರಿನ ತೊಟ್ಟಿಗಳನ್ನು ಕಟ್ಟಿಕೊಡಲಿ, ಬೇಸಿಗೆಯ ಆ ಕೆಲವು ತಿಂಗಳಾದರೂ ದಂಡೆಯ ಹುಲ್ಲನ್ನು ಇಲಿಗೆ ಬಿಡಲಿ.

– ಒಬ್ಬ ಓದುಗ, ಮೈಸೂರು